ನೀಲಿ ಗುಮ್ಮಟ, ಒಣಗಿದ ಹೊಳಿ

ಏಪ್ರಿಲ್‌ನಲ್ಲಿ ಆಳಂದದಲ್ಲಿ ನಮ್ಮ ಸೋದರಮಾವನ ಮೊಮ್ಮಗಳ ಮದುವೆ. ಹೊರಗೆ 42 ಡಿಗ್ರಿ ಬಿಸಿಲು. ಮಂಟಪದೊಳಗೆ ನಾಲ್ಕು ಕೂಲರು ಗುಂಯ್ ಎನ್ನುತ್ತ ಅದೇ ಬಿಸಿಗಾಳಿಯನ್ನು ತಿರುತಿರುಗಿ ಊದುತ್ತಿದ್ದವು. ಮದುಮಕ್ಕಳ ಹಿಂದೆ ಮಾತ್ರ ತಂಪೋ ತಂಪು. ಸ್ಟೇಜಿನ ಉದ್ದಕ್ಕೂ ಕಟ್ಟಿದ ಫ್ಲೆಕ್ಸಿನ ಮೇಲೆ ಗುಡ್ಡದ ಇಳಿಜಾರಿಗೆ ಅಂಟಿಕೊಂಡ ಬಿಳಿ ಮನೆಗಳು, ಮೂರು ನೀಲಿ ಗುಮ್ಮಟ, ಕೆಳಗೆ ಅದೇ ನೀಲಿಯ ಸಮುದ್ರ. ಅಕ್ಕಿಕಾಳು ಹಾಕಲು ಮೇಲೆ ಬಂದ ಮಾದನಹಿಪ್ಪರಗಿ ಕಡೆಯ ಆಯಿಯೊಬ್ಬರು ಮದುಮಕ್ಕಳಿಗೆ ಹಾಕಿ ಉಳಿದ ನಾಲ್ಕು ಕಾಳನ್ನು ಫ್ಲೆಕ್ಸಿನ ಕಡೆ ತೂರಿ ಕೈಮುಗಿದರು.

"ಯಾವ ದೇವರವ್ವ ಇದು? ಭಾಳ ಚೆಂದ ಅದ."

ಫೋಟೊ ತೆಗೆಯುವ ಹುಡುಗ ನಕ್ಕ. "ಆಯಿ, ಅದು ದೇವರಲ್ಲ. ಗ್ರೀಸ್ ದೇಶದ ಐಲ್ಯಾಂಡ್. ಹನಿಮೂನಿಗಿ ಹೋಗೋ ಜಾಗ."

ಎಲ್ಲರೂ ನಕ್ಕರು. ನಾನು ಮಾತ್ರ ಆಯಿಯ ಪಕ್ಷ. ಸಾಂಟೊರಿನಿ ದ್ವೀಪದ ಆ ನೀಲಿ ಗುಮ್ಮಟಗಳು ಯಾರದೋ ಬಂಗಲೆಯವಲ್ಲ, ಹೋಟೆಲಿನವೂ ಅಲ್ಲ. ಅವು ಚರ್ಚಿನ ಗುಮ್ಮಟಗಳು. ಜಗತ್ತಿನ ಅರ್ಧ ಮದುವೆ ಆಲ್ಬಮ್ಮುಗಳಲ್ಲಿ ಪ್ರೇಮದ ಗುರುತಾಗಿ ಕೂತಿರುವ ಆ ನೀಲಿ, ಮೂಲದಲ್ಲಿ ದೇವರ ಮನೆಯ ಸೂರು. ಗುಡಿಯನ್ನು ಗುಡಿ ಎಂದು ಗುರುತಿಸಿದವರು ಆ ಇಡೀ ಮಂಟಪದಲ್ಲಿ ಆಯಿ ಒಬ್ಬರೇ.

ನನ್ನ ತವರು ಆಳಂದ, ಗಂಡನ ಮನೆ ಜೇವರ್ಗಿ, ಇಬ್ಬರ ನೌಕರಿಯೂ ಅಫಜಲಪುರ ತಾಲ್ಲೂಕಿನಲ್ಲಿ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುತ್ತೇನೆ. ಇಪ್ಪತ್ತು ವರ್ಷದಿಂದ ಮಕ್ಕಳಿಗೆ "ಭೂಮಧ್ಯ ಸಮುದ್ರದ ವಾಯುಗುಣ: ಬೇಸಿಗೆಯಲ್ಲಿ ಒಣಹವೆ, ಚಳಿಗಾಲದಲ್ಲಿ ಮಳೆ; ಬೆಳೆಗಳು ಆಲಿವ್, ದ್ರಾಕ್ಷಿ, ಕಿತ್ತಳೆ" ಎಂದು ಬಾಯಿಪಾಠ ಮಾಡಿಸಿದ್ದೇನೆ. ಆ ಸಮುದ್ರವನ್ನು ಕಂಡಿಲ್ಲ. ಮದುವೆ ಮುಗಿಸಿ ಬರುವಾಗ ಕಾರಿನಲ್ಲಿ ಹೇಳಿಯೇಬಿಟ್ಟೆ: "ರೀ, ಈ ಸಲ ಸೂಟ್ಯಾಗ ನಾವಿಬ್ಬರೇ ಎಲ್ಲಿಗಾದರೂ ಹೋಗಾಮಿ. ದ್ವೀಪ ಇರೋ ಕಡಿ."

ಅವರು ಗಣಿತದ ಮಾಸ್ತರು. ಮರುದಿನವೇ ಕಲಬುರಗಿಯ ಒಬ್ಬ ಟೂರ್ ಏಜೆಂಟರನ್ನು ಕೇಳಿಕೊಂಡು ಬಂದು ಲೆಕ್ಕ ಬರೆದರು. ವಿಮಾನ, ಅಥೆನ್ಸಿನಿಂದ ಹಡಗು, ರೂಮು, ಊಟ ಎಲ್ಲ ಸೇರಿ ಇಬ್ಬರಿಗೆ ಸುಮಾರು ನಾಲ್ಕು ಲಕ್ಷ. ಅದಕ್ಕೆ ಮೊದಲು ಶೆಂಗೆನ್ ವೀಸಾ: 2024ರ ಜೂನ್‌ನಿಂದ ಅದರ ಶುಲ್ಕ ತಲೆಗೆ 90 ಯೂರೊ, ವೀಸಾ ಸಿಗದಿದ್ದರೆ ಅದು ವಾಪಸು ಬರುವುದಿಲ್ಲ. 30 ಸಾವಿರ ಯೂರೊ ಮೊತ್ತದ ಆರೋಗ್ಯ ವಿಮೆ ಬೇಕು, ಬ್ಯಾಂಕಿನ ಖಾತೆ ಪಟ್ಟಿ ಬೇಕು, ನೌಕರಿ ಕೊಟ್ಟವರ ಪತ್ರ ಬೇಕು. ಮರಳಿ ಊರಿಗೆ ಬಂದೇ ಬರುತ್ತೇವೆ ಎಂದು ಕಾಗದದಲ್ಲಿ ತೋರಿಸಬೇಕು. "ಜೇವರ್ಗಿ ಬಿಟ್ಟು ಎಲ್ಲಿಗಿ ಹೋಗ್ತೀವಿ ನಾವು, ಅದಕ್ಕೂ ಸಾಕ್ಷಿ ಬೇಕಂತ" ಎಂದು ಗೊಣಗುತ್ತ ಲೆಕ್ಕವನ್ನು ತೊಗರಿಗೆ ಬದಲಾಯಿಸಿದರು. ನಮ್ಮಲ್ಲಿ ದೊಡ್ಡ ಮೊತ್ತ ಅರ್ಥವಾಗಬೇಕಾದರೆ ಹಾಗೆ ಮಾಡುವುದೇ ರೂಢಿ. 2025–26ರ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ನಾಲ್ಕು ಲಕ್ಷವೆಂದರೆ 50 ಕ್ವಿಂಟಲ್. ಮಳೆ ನಂಬಿದ ನಮ್ಮ ಎರಿ ಹೊಲದಲ್ಲಿ ಎಕರೆಗೆ ನಾಲ್ಕೈದು ಕ್ವಿಂಟಲ್ ಬಂದರೆ ಪುಣ್ಯ. ಹತ್ತು ಹನ್ನೆರಡು ಎಕರೆಯ ಒಂದು ವರ್ಷದ ತೊಗರಿ, ಎಂಟು ದಿನದ ನೀಲಿ ನೀರಿಗೆ.

ಹಣವೊಂದೇ ತೊಡಕಲ್ಲ, ಕಾಲವೂ ಕೂಡಿಬರುವುದಿಲ್ಲ. ನಮ್ಮ ಸೂಟಿ ಏಪ್ರಿಲ್ ನಡುವಿನಿಂದ ಮೇ ಕೊನೆಯವರೆಗೆ. ಏಪ್ರಿಲ್‌ನಲ್ಲಿ ಅಲ್ಲಿನ ಸಮುದ್ರ ಈಜುವವರಿಗೆ ಇನ್ನೂ ತಣ್ಣಗೆ ಕೊರೆಯುತ್ತದೆ. ಅವರ ಬೇಸಿಗೆ ರಂಗೇರುವುದು ಜುಲೈ, ಆಗಸ್ಟ್‌ನಲ್ಲಿ. ಆಗ ನಾವು ಶಾಲೆಯ ಸೋರುವ ಮಾಳಿಗೆಯ ಕೆಳಗೆ ಹಾಜರಿ ಕೂಗುತ್ತಿರುತ್ತೇವೆ.

ಈ ಎರಡು ಕಾಲಗಳಿಗೆ ನಂಟೂ ಉಂಟು. ನಾನು ಶಾಲೆಯಲ್ಲಿ ಕಲಿತಾಗ ಪಠ್ಯದಲ್ಲಿ ಇರಲಿಲ್ಲ. ಈಗ ಪುಸ್ತಕ ಬಿಟ್ಟು ಮಕ್ಕಳಿಗೆ ಹೇಳುತ್ತೇನೆ. ಜೂನ್ ಬಂದಂತೆ ಭಾರತದ ಮೇಲೆ ಮುಂಗಾರು ಮೋಡಗಳು ಕಟ್ಟುತ್ತವೆ. ಆವಿ ನೀರಾಗುವಾಗ ಬಿಡುವ ಶಾಖದಿಂದ ಗಾಳಿ ದೊಡ್ಡ ಪ್ರಮಾಣದಲ್ಲಿ ಮೇಲಕ್ಕೇರುತ್ತದೆ. ಏರಿದ್ದು ಎಲ್ಲೋ ಇಳಿಯಬೇಕಲ್ಲ? ಪಶ್ಚಿಮಕ್ಕೆ, ಸಹಾರದ ಪೂರ್ವ ಭಾಗ ಮತ್ತು ಪೂರ್ವ ಭೂಮಧ್ಯ ಸಮುದ್ರದ ಮೇಲೆ ಗಾಳಿ ಕೆಳಗಿಳಿಯುತ್ತದೆ. ಇಳಿಯುವ ಗಾಳಿ ಒಣಗುತ್ತದೆ, ಮೋಡ ಕಟ್ಟಗೊಡುವುದಿಲ್ಲ. ರಾಡ್‌ವೆಲ್ ಮತ್ತು ಹಾಸ್ಕಿನ್ಸ್ ಎಂಬ ಹವಾಮಾನ ವಿಜ್ಞಾನಿಗಳು 1996ರಲ್ಲಿ ಈ ಜೋಡಣೆಯನ್ನು ವಿವರಿಸಿದರು. ಏಜಿಯನ್ ದ್ವೀಪಗಳಲ್ಲಿ ಜುಲೈ, ಆಗಸ್ಟ್‌ನಲ್ಲಿ ಉತ್ತರದಿಂದ ಬೀಸುವ ಮೆಲ್ಟೆಮಿ ಎಂಬ ಗಾಳಿಗೂ ನಮ್ಮ ಕಡೆಯ ಮುಂಗಾರಿನ ತಗ್ಗು ಒತ್ತಡ ಒಂದು ಕಾರಣ. ಬೇರೆ ಕಾರಣಗಳೂ ಉಂಟು. ಆದರೂ ಆಳಂದದಲ್ಲಿ ಮಳೆ ಹಿಡಿದು ಹೆಸರಿನ ಹೊಲದಲ್ಲಿ ಕೆಸರು ತುಳಿಯುವ ಹೊತ್ತಿಗೆ ಸಾಂಟೊರಿನಿಯ ಮೇಲೆ ಮೋಡವಿಲ್ಲದ ಆಕಾಶ ಇರುವುದರಲ್ಲಿ ನಮ್ಮ ಮಳೆಯ ಪಾಲೂ ಇದೆ. ಆ ನೀಲಿಗೆ ಟಿಕೆಟ್ ಮಾರುವವರು ನಮಗೂ ಒಂದಿಷ್ಟು ಕಮಿಷನ್ ಕೊಡಬಹುದಿತ್ತು.

ಹಣ, ಕಾಲ ಎರಡೂ ಕೂಡಿಬರದ್ದಕ್ಕೇ ನಮ್ಮ ಭಾಗದ ದ್ವೀಪಗಳಿಗೆ ಹೋಗುವುದೆಂದಾಯಿತು. ಸಮುದ್ರ ನೂರಾರು ಕಿಲೋಮೀಟರ್ ದೂರ ಇರುವ ನಾಡಿನಲ್ಲಿ ದ್ವೀಪವೆಲ್ಲಿ ಎನ್ನಬೇಡಿ. ಹೊಳೆ ಎರಡಾಗಿ ಸೀಳಿ ಮತ್ತೆ ಕೂಡುವ ನಡುವಿನ ನೆಲಕ್ಕೆ ನಾವು ಗಡ್ಡಿ ಎನ್ನುತ್ತೇವೆ. ಕೃಷ್ಣೆಯಲ್ಲಿ ನೀಲಕಂಠರಾಯನ ಗಡ್ಡಿ, ಜಲದುರ್ಗ, ಕುರುಗಡ್ಡಿ, ನಾರದಗಡ್ಡಿ. 'ಮೆಡಿಟರೇನಿಯನ್' ಎಂಬ ಲ್ಯಾಟಿನ್ ಮೂಲದ ಹೆಸರಿಗೆ ಅರ್ಥ ನೆಲದ ನಡುವಿನ ನೀರು. ನಮ್ಮ ಪಠ್ಯದ 'ಭೂಮಧ್ಯ' ಅದನ್ನೇ ಹೇಳುತ್ತದೆ. ಗಡ್ಡಿ ಅದರ ಮಗ್ಗುಲು ಬದಲಿಸಿದ ರೂಪ, ನೀರಿನ ನಡುವಿನ ನೆಲ.

ಆದರೆ ಹೊರಡುವ ಮುನ್ನ ಅತ್ತೆಗೆ ಹೇಳಬೇಕಲ್ಲ. "ಸುಮ್ಮ ತಿರಗ್ಯಾಡಿ ಬರ್ತೀವ್ರಿ" ಎನ್ನಲು ನಾಲಿಗೆ ಹೊರಳಲಿಲ್ಲ. ನಮ್ಮ ಭಾಷೆಯಲ್ಲಿ ಸೂಟಿ ಮಕ್ಕಳಿಗೆ, ರಜೆ ನೌಕರರಿಗೆ. ಗಂಡ ಹೆಂಡತಿ ಇಬ್ಬರೇ ಯಾವ ಕಾರಣವೂ ಇಲ್ಲದೆ ನಾಲ್ಕು ದಿನ ಊರು ಬಿಡುವುದಕ್ಕೆ ಹೆಸರೇ ಇಲ್ಲ. ಹೆಸರಿಲ್ಲದ್ದಕ್ಕೆ ದೇವರ ಹೆಸರಿಡುತ್ತೇವೆ. ಮದುವೆಯಾದ ಹೊಸದರಲ್ಲಿ ಜೋಡಿಲೆ ಹೋಗಿ ಘತ್ತರಗಿ ಭಾಗ್ಯವಂತಿಗೆ ಉಡಿ ತುಂಬಿ ಬರುವುದು, ಗಾಣಗಾಪುರದಲ್ಲಿ ಪಾದುಕೆ ದರ್ಶನ, ಆಳಂದದ ಲಾಡ್ಲೆ ಮಶಾಕ್ ದರ್ಗಾದಲ್ಲಿ ಸಕ್ಕರಿ ಓದಿಸುವುದು, ಕಲಬುರಗಿಯ ಶರಣಬಸಪ್ಪನಿಗೆ ಕಾಯಿ, ಬಂದೇನವಾಜರಿಗೆ ಹೂವಿನ ಚಾದರ. ನನ್ನ ಅವ್ವ ತನ್ನ ಎಪ್ಪತ್ತು ವರ್ಷದಲ್ಲಿ ಅಪ್ಪನ ಪಕ್ಕ ಕೂತು ಬಸ್ಸಿನಲ್ಲಿ ಹೋದದ್ದೆಲ್ಲ ಹರಕೆಯ ಹೆಸರಿನಲ್ಲೇ. ಹರಕೆಗೆ ಹೊರಟ ಹೆಂಗಸನ್ನು ಯಾರೂ ಯಾಕೆ ಎಂದು ಕೇಳುವುದಿಲ್ಲ. ಅವ್ವನ ಎಷ್ಟು ಹರಕೆಗಳು ನಿಜಕ್ಕೂ ಹರಕೆ, ಎಷ್ಟು ಕಿಟಕಿ ಪಕ್ಕದ ಸೀಟಿನ ಆಸೆ ಎಂದು ನಾನು ಕೇಳಲಿಲ್ಲ.

ಇದೇನು ನಮ್ಮೊಬ್ಬರದೇ ರೀತಿಯಲ್ಲ. ಗ್ರೀಸಿನಲ್ಲಿ ಟಿನೊಸ್ ಎಂಬ ದ್ವೀಪವಿದೆ. 1823ರಲ್ಲಿ ಅಲ್ಲಿ ಮೇರಿಮಾತೆಯ ಚಿತ್ರಪಟವೊಂದು ಮಣ್ಣಿನಲ್ಲಿ ಸಿಕ್ಕಿತು, ಅದಕ್ಕೊಂದು ಚರ್ಚು ಕಟ್ಟಿದರು. ಇಂದಿಗೂ ಆಗಸ್ಟ್ 15ರ ಹಬ್ಬಕ್ಕೆ ಹಡಗಿನಿಂದ ಇಳಿದವರಲ್ಲಿ ಹರಕೆ ಹೊತ್ತವರು ಬಂದರಿನಿಂದ ಚರ್ಚಿನವರೆಗೆ ಏರುದಾರಿಯನ್ನು ಮೊಣಕಾಲ ಮೇಲೆಯೇ ಸಾಗುತ್ತಾರೆ. ಅದಕ್ಕಾಗಿಯೇ ರಸ್ತೆಯ ಬದಿಗೆ ಜಮಖಾನೆ ಹಾಸಿರುತ್ತಾರೆ. ದೀಡ ನಮಸ್ಕಾರ ಹಾಕುವ ನಮ್ಮವರನ್ನು ಅಲ್ಲಿಗೆ ಕರೆದೊಯ್ದರೆ ಜಮಖಾನೆ ನೋಡಿ "ಇಷ್ಟ್ ಸಲೀಸದೇನು!" ಎಂದಾರು.

ಹೀಗಾಗಿ ಅತ್ತೆಗೆ "ಕುರುಗಡ್ಡಿ ದತ್ತನ ದರ್ಶನ" ಎಂದೆವು. ಸುಳ್ಳೇನಲ್ಲ. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ, ಎರಡು ಕ್ಯಾನ್ ನೀರು ಕಟ್ಟಿಕೊಂಡು ಮೇ ಎರಡನೇ ವಾರ ಹೊರಟೆವು.

ಮೊದಲ ನಿಲುಗಡೆ ದೇವರದಾಗಿರಲಿಲ್ಲ. ಜೇವರ್ಗಿಯಿಂದ ಕಲಬುರಗಿ ದಾರಿ ಹಿಡಿದು ಕಟ್ಟಿ ಸಂಗಾವಿ ಸೇತುವೆಯಲ್ಲಿ ಭೀಮೆಯನ್ನು ದಾಟಿದರೆ ಮುಂದೆ ಫಿರೋಜಾಬಾದ್. ಬಸ್ಸಿನಲ್ಲಿ ಸಾವಿರ ಸಲ ಹಾದುಹೋದ ಊರು, ಒಮ್ಮೆಯೂ ಇಳಿದಿರಲಿಲ್ಲ. ಹೊಲಗಳ ನಡುವೆ ದೈತ್ಯ ಕಲ್ಲಿನ ಗೋಡೆಗಳು, ಜಾಲಿ ಕಂಟಿ, ಮುರಿದ ಕಮಾನು. ಇದು 1397ರಿಂದ 1422ರವರೆಗೆ ಆಳಿದ ಬಹಮನಿ ಸುಲ್ತಾನ ಫಿರೋಜ್ ಷಾ 1400ರ ಸುಮಾರಿಗೆ ಕಟ್ಟಿಸಿದ ಊರು. ಮೂರು ಕಡೆ ಕೋಟೆಗೋಡೆ. ನಾಲ್ಕನೆಯ ಕಡೆ, ಪಶ್ಚಿಮಕ್ಕೆ, ಹೊಳೆಯೇ ಗೋಡೆ. ರಾಜಧಾನಿ ಕಲಬುರಗಿ ಒಂದು ದಿನದ ದಾರಿಯಷ್ಟೂ ಇಲ್ಲ. ಆದರೂ ಇನ್ನೊಂದು ಅರಮನೆ ನಗರ ಯಾಕೆ? ನೀರಿನ ಪಕ್ಕ ಇರಬೇಕೆಂಬ ಆಸೆಯೇ ಇದ್ದೀತು. ಹೊಳೆಯ ನೀರನ್ನು ಕಾಲುವೆಯಲ್ಲಿ ಅರಮನೆಗೆ ಹರಿಸಿದ್ದನೆಂದು, ಸುಮಾರು ಇನ್ನೂರು ವರ್ಷದ ನಂತರ ವಿಜಾಪುರದ ಆಶ್ರಯದಲ್ಲಿ ಕೂತು ಇತಿಹಾಸ ಬರೆದ ಫರಿಶ್ತಾ ಹೇಳುತ್ತಾನೆ. ಸುಲ್ತಾನನಿಗೆ ಅರಬ್, ತುರ್ಕಿ, ಯುರೋಪಿನ ನಾಡುಗಳವರೂ ಸೇರಿ ಹತ್ತಾರು ದೇಶದ ಹೆಂಡಂದಿರಿದ್ದರು, ಪ್ರತಿಯೊಬ್ಬಳ ಜೊತೆ ಅವಳದೇ ಭಾಷೆಯಲ್ಲಿ ಮಾತಾಡುತ್ತಿದ್ದ ಎಂದೂ ಬರೆದಿದ್ದಾನೆ. ಗೋವಾ, ಚೌಲ್ ಬಂದರುಗಳಿಂದ ವರ್ಷ ವರ್ಷ ಹಡಗು ಕಳಿಸಿ ಪರದೇಶದ ಪಂಡಿತರನ್ನು, ವಸ್ತುಗಳನ್ನು ತರಿಸಿಕೊಳ್ಳುತ್ತಿದ್ದನಂತೆ. ಫರಿಶ್ತಾನ ಮಾತಿಗೆ ಒಂದಿಷ್ಟು ಉಪ್ಪು ಬೆರೆಸಿಯೇ ಉಣ್ಣಬೇಕು. "ನನಗ ಒಂದೇ ಭಾಷಾದಾಗ ಒಬ್ಬಾಕಿ ಜೋಡಿ ಮಾತಾಡಲಿಕ್ಕೇ ಆಗವಲ್ದು" ಎಂದರು ನಮ್ಮವರು.

ಫಿರೋಜಾಬಾದಿನಲ್ಲಿ ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಹಮಾಮು. ಜಾರ್ಜ್ ಮಿಶೆಲ್ ಮತ್ತು ರಿಚರ್ಡ್ ಈಟನ್ ಈ ಊರಿನ ಅವಶೇಷಗಳ ಮೇಲೆಯೇ 1992ರಲ್ಲಿ ಒಂದು ಪುಸ್ತಕ ಪ್ರಕಟಿಸಿದ್ದಾರೆ. ದಖ್ಖನದಲ್ಲಿ ಉಳಿದಿರುವ ಅತಿ ಹಳೆಯ ಹಮಾಮುಗಳಲ್ಲಿ ಇಲ್ಲಿನವೂ ಸೇರಿವೆ. ಹಮಾಮು ಎಂದರೆ ಬಚ್ಚಲುಮನೆಯಲ್ಲ. ತಣ್ಣನೆ, ಬೆಚ್ಚನೆ, ಬಿಸಿ ಎಂದು ಒಂದರಿಂದ ಒಂದಕ್ಕೆ ದಾಟುವ ಕೋಣೆಗಳು, ಮೇಲೆ ಗುಮ್ಮಟ, ಬೆಳಕಿಗೆ ಗುಮ್ಮಟದಲ್ಲಿ ಕಿಂಡಿ. ಈ ವಿದ್ಯೆ ಬಂದದ್ದು ರೋಮನ್ನರ ಸ್ನಾನಗೃಹಗಳಿಂದ. ಭೂಮಧ್ಯ ಸಮುದ್ರದ ದಂಡೆಯ ರೋಮನ್ ಊರುಗಳನ್ನು ಗೆದ್ದ ಅರಬರು ಅದನ್ನು ಕಲಿತರು, ಅವರಿಂದ ತುರ್ಕರು, ಇರಾನಿಗಳು. ಅವರ ಕೈಹಿಡಿದು ಅದು ಭೀಮೆಯ ದಂಡೆಗೂ ಬಂತು. ಗುಮ್ಮಟದ ಕಿಂಡಿಯಿಂದ ಒಂದು ಕೋಲು ಬಿಸಿಲು ನೇರ ನೆಲಕ್ಕೆ ಇಳಿದಿತ್ತು. ಒಳಗೆ ಮೇಕೆ ಹಿಕ್ಕೆ, ಬಾವಲಿ ನಾತ. ಹೊರಗಿನ ಕುದಿಗೆ ಹೋಲಿಸಿದರೆ ಮಾತ್ರ ತಂಪು. ನಾವಿಬ್ಬರೂ ಅಲ್ಲಿ ಕೂತು ರೊಟ್ಟಿ ಹಿಂಡಿ ತಿಂದೆವು. ಮುಂದೆ ಬಹಮನಿಗಳು ರಾಜಧಾನಿಯನ್ನು ಬೀದರಿಗೆ ಒಯ್ದರು, ಈ ಊರು ಬೇಗನೆ ಹಾಳುಬಿತ್ತು. ನನಗನ್ನಿಸುವಂತೆ ಈ ಮೂರು ತಾಲ್ಲೂಕಿನ ಆಸುಪಾಸಿನಲ್ಲಿ ಹರಕೆಯ ನೆಪವಿಲ್ಲದೆ, ಬರೀ ಹೊಳೆಯ ಗಾಳಿಗಾಗಿ ಹೆಂಡಿರನ್ನು ಕರೆದುಕೊಂಡು ಹೋಗಿ ಕೂತವನು ಫಿರೋಜ್ ಷಾ ಒಬ್ಬನೇ. ಅದಕ್ಕೊಂದು ಊರೇ ಕಟ್ಟಬೇಕಾಯಿತು.

(ಇಲ್ಲಿಂದ ಕೆಳಗೆ ಅದೇ ಭೀಮೆಯ ದಂಡೆಯ ಸನ್ನತಿಗೆ ಹೋಗಲಾಗಲಿಲ್ಲ. ಚಂದ್ರಲಾಂಬಾ ಗುಡಿಯಲ್ಲಿ ಸಿಕ್ಕ ಅಶೋಕನ ಶಾಸನದ ಕಲ್ಲಿನಲ್ಲಿ 12 ಮತ್ತು 14ನೆಯ ಶಿಲಾಶಾಸನಗಳಿವೆ. ಈಜಿಪ್ಟಿನ ಟಾಲೆಮಿ, ಸಿರೀನಿನ ಮಗಸ್ ಮೊದಲಾದ ಭೂಮಧ್ಯ ಸಮುದ್ರದ ದಂಡೆಯ ಅರಸರನ್ನು ಅಶೋಕ ಹೆಸರಿಸುವುದು ನಡುವಿನ 13ರಲ್ಲಿ. ನನ್ನ ಹಣೆಬರಹಕ್ಕೆ ಅಲ್ಲೂ ಒಂದೇ ಸಂಖ್ಯೆ ತಪ್ಪಿದೆ!)

ಸೇತುವೆಯ ಮೇಲೆ ಮರಳುವಾಗ ಕಾರು ನಿಲ್ಲಿಸಿ ಕೆಳಗೆ ನೋಡಿದೆವು. ಹೊಳೆಯಲ್ಲಿ ಉಸುಕು, ಉಸುಕಿನ ನಡುವೆ ಅಲ್ಲಲ್ಲಿ ಹಸಿರು ಪಾಚಿಯ ಮಡುಗಳು, ಒಂದು ಮಡುವಿನಲ್ಲಿ ಎಮ್ಮೆಗಳು. ಭೀಮಾಶಂಕರದಲ್ಲಿ ಹುಟ್ಟಿ 861 ಕಿಲೋಮೀಟರ್ ಹರಿಯುವ ಈ ನದಿ ನಮ್ಮಲ್ಲಿಗೆ ಬರುವ ಮುನ್ನ ಉಜನಿ ಅಣೆಕಟ್ಟನ್ನೂ ಬಾಂದಾರುಗಳ ಸಾಲನ್ನೂ ದಾಟಬೇಕು. ಬೇಸಿಗೆಯಲ್ಲಿ ನಮಗೆ ಸಿಗುವುದು ಮೇಲಿನವರು ಬಿಟ್ಟಷ್ಟು. 2024ರ ಬೇಸಿಗೆಯಲ್ಲಂತೂ ಅಫಜಲಪುರದಲ್ಲಿ ಭೀಮೆಗೆ ನೀರು ಬಿಡಿಸಿರೆಂದು ಜನ ಧರಣಿ ಕೂತಿದ್ದರು. ಮಳೆಗಾಲದ ಕೊನೆಗೆ ಅದೇ ಮೇಲಿನವರು ಗೇಟು ಎತ್ತಿದರೆ ಸೊನ್ನ ಬ್ಯಾರೇಜು ತುಂಬಿ, ದಂಡೆಯ ಊರುಗಳು ನೀರಾಗುತ್ತವೆ. 2020ರ ಅಕ್ಟೋಬರ್ ನೆನಪಿರುವ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಡ್ಡಿಯಲ್ಲದ ಊರುಗಳೂ ಆಗ ಗಡ್ಡಿಗಳಾದವು.

ನಮ್ಮವರಿಗೆ ಆ ಒಣ ಹೊಳೆ ನೋಡಿ ಬೇಸರ. ನನಗೆ ಪಾಠ ನೆನಪಾಯಿತು. ಭೂಮಧ್ಯ ಸಮುದ್ರವೂ ಒಂದು ಸಲ ಹೀಗೆ ಒಣಗಿತ್ತು. ಸುಮಾರು 60 ಲಕ್ಷ ವರ್ಷಗಳ ಹಿಂದೆ ಜಿಬ್ರಾಲ್ಟರಿನ ಬಳಿಯ ಬಾಯಿ ಮುಚ್ಚಿ, ಅಟ್ಲಾಂಟಿಕ್ ನೀರು ಬರುವುದು ನಿಂತು, ಬಿಸಿಲಿಗೆ ಆವಿಯಾಗುತ್ತ ಬಹುಭಾಗ ಬತ್ತಿ ತಳದಲ್ಲಿ ಉಪ್ಪಿನ ದಪ್ಪ ಪದರ ಉಳಿಯಿತು. ಮತ್ತೆ ಬಾಯಿ ತೆರೆದು ನೀರು ನುಗ್ಗಿದ್ದು ಸುಮಾರು 53 ಲಕ್ಷ ವರ್ಷಗಳ ಹಿಂದೆ. ಆ ನಡುವಿನ ಕಾಲದಲ್ಲಿ ಅಲ್ಲಿನ ಎಷ್ಟೋ ದ್ವೀಪಗಳು ದ್ವೀಪಗಳಾಗಿರಲಿಲ್ಲ, ಒಣ ಕಣಿವೆಯ ಮೇಲಿನ ಗುಡ್ಡಗಳಾಗಿದ್ದವು. ಸಮುದ್ರಕ್ಕೆ ಲಕ್ಷಾಂತರ ವರ್ಷದ ಮಾತು. ನಮ್ಮ ಹೊಳೆ ಅದನ್ನು ವರ್ಷಕ್ಕೊಮ್ಮೆ ಆಡಿ ತೋರಿಸುತ್ತದೆ.

ಘತ್ತರಗಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅಮವಾಸ್ಯೆಯ ಜನಜಂಗುಳಿಯಲ್ಲಿ ಉಡಿ ತುಂಬಿ, ಹೊಳೆದಂಡೆಯಲ್ಲಿ ಮಹಾರಾಷ್ಟ್ರ, ತೆಲಂಗಾಣದ ಗಾಡಿಗಳ ನಡುವೆ ನಮ್ಮ ಕಾರು ಹುಡುಕುವುದರಲ್ಲೇ ಹೊತ್ತು ಹೋಯಿತು. ಗಾಣಗಾಪುರದಲ್ಲಿ ಎರಡು ರಾತ್ರಿ ಉಳಿದೆವು. ದತ್ತ ಸಂಪ್ರದಾಯದ ನಂಬಿಕೆಯಂತೆ ದತ್ತನ ಮೊದಲ ಅವತಾರ ಶ್ರೀಪಾದ ಶ್ರೀವಲ್ಲಭರು ಕೃಷ್ಣೆಯ ಕುರುಗಡ್ಡಿಯಲ್ಲಿದ್ದರು, ಎರಡನೆಯವರಾದ ನರಸಿಂಹ ಸರಸ್ವತಿಗಳು ಭೀಮಾ–ಅಮರ್ಜಾ ಸಂಗಮದ ಗಾಣಗಾಪುರದಲ್ಲಿ. ಮಧ್ಯಾಹ್ನದ ಹೊತ್ತಿಗೆ ದತ್ತ ಇಲ್ಲಿ ಭಿಕ್ಷೆಗೆ ಬರುತ್ತಾನೆಂದು ಭಕ್ತರೂ ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಮಾಧುಕರಿ ಬೇಡುತ್ತಾರೆ. ಮುಂಬಯಿಯಿಂದ ದೊಡ್ಡ ಗಾಡಿಯಲ್ಲಿ ಬಂದ ಜೋಡಿಯೊಂದು, ಆಕೆಯ ಕೈಯಲ್ಲಿ ದುಬಾರಿ ಫೋನು, ಆತನ ಕೈಯಲ್ಲಿ ಸ್ಟೀಲಿನ ತಾಟು, ಹೊಸ್ತಿಲ ಮುಂದೆ ನಿಂತು ರೊಟ್ಟಿ ತುಣುಕು ಇಸಿದುಕೊಂಡಿತು. ಆಕೆಯ ಮುಖದಲ್ಲಿ ನಾಚಿಕೆಯೂ ಖುಷಿಯೂ ಒಟ್ಟಿಗೆ ಇದ್ದವು. ಐಷಾರಾಮಿ ರೆಸಾರ್ಟುಗಳು ಏನೇನೋ ಅನುಭವ ಮಾರುತ್ತವೆ. ಬೇಡಿ ಉಣ್ಣುವ ಅನುಭವಕ್ಕೆ ಗಾಣಗಾಪುರವೇ ಬೇಕು.

ಅಮರ್ಜಾ ನನ್ನ ತವರಿನ ಹೊಳೆ. ಮರುದಿನ ಅದರ ಜಾಡು ಹಿಡಿದು ಆಳಂದ ತಾಲ್ಲೂಕಿಗೆ ಏರಿದೆವು. ಕೋರಹಳ್ಳಿಯ ಬಳಿ ಅದಕ್ಕೆ ಕಟ್ಟಿದ ಜಲಾಶಯ ತಳಕಂಡಿತ್ತು. ದಾರಿಯಲ್ಲಿ ಕಡಗಂಚಿ. ಇಂದು ಕೇಂದ್ರೀಯ ವಿಶ್ವವಿದ್ಯಾಲಯದ ಊರೆಂದು ಹೆಸರು; ದತ್ತಭಕ್ತರಿಗೆ ಮಾತ್ರ ಮರಾಠಿಯ ಗುರುಚರಿತ್ರೆ ಬರೆದ ಸರಸ್ವತಿ ಗಂಗಾಧರರ ಊರು. ಮನೆಮಾತು ಕನ್ನಡ, ಬರೆದದ್ದು ಮರಾಠಿ. ಗಡಿಯ ನೀರೇ ಹಾಗೆ.

ಆಳಂದದ ನೆಲ ನೋಡುತ್ತ ಆ ಫ್ಲೆಕ್ಸು ಮತ್ತೆ ನೆನಪಾಯಿತು. ಸಾಂಟೊರಿನಿ ಜ್ವಾಲಾಮುಖಿಯ ದ್ವೀಪ. ಸುಮಾರು 3,600 ವರ್ಷಗಳ ಹಿಂದೆ ಸಿಡಿದು ನಡುಭಾಗ ಕುಸಿದು, ಉಳಿದ ಅಂಚಿನ ಮೇಲೆ ಈಗ ಆ ಬಿಳಿ ಊರುಗಳು ಕೂತಿವೆ. ನಮ್ಮ ಎರಿ ಮಣ್ಣೂ ಲಾವಾದ್ದೇ. ದಖ್ಖನದ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿ ಹರಿದು ಗಟ್ಟಿಯಾದದ್ದು. ಆಳಂದ, ಅಫಜಲಪುರ ಅದರ ಮೇಲಿವೆ. ಜೇವರ್ಗಿಯತ್ತ ಹೋದಂತೆ ಕರಿಕಲ್ಲಿನ ಅಡಿಯಿಂದ ಸುಣ್ಣದ ಕಲ್ಲು ಹೊರಬರುತ್ತದೆ. ನಮ್ಮ ಮನೆಗಳಿಗೆ ಹಾಸುವ ಫರಸಿ ಅದೇ. 50 ಕೋಟಿ ವರ್ಷಕ್ಕೂ ಹಿಂದೆ ಇಲ್ಲಿದ್ದ ಆಳವಿಲ್ಲದ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತದ್ದು. ಅಂದರೆ ನನ್ನ ಗಂಡನ ಮನೆ ಸಮುದ್ರ, ತವರು ಜ್ವಾಲಾಮುಖಿ. "ಅದು ನನಗ ಮದಿವಿ ಆದ ವರ್ಷವೇ ಗೊತ್ತಾಗ್ಯದ" ಎಂದರು ನಮ್ಮವರು.

ಬೆಂಕಿಯ ನೆಲಕ್ಕೆ ಬೇಳೆಯ ರುಚಿ ಒಲಿಯುತ್ತದೆಯೋ ಏನೋ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು. ಸಾಂಟೊರಿನಿಯ 'ಫಾವಾ' ಎಂಬ ಹಳದಿ ಬೇಳೆಗೂ ಯುರೋಪಿನ ಒಕ್ಕೂಟದಲ್ಲಿ ಅಂಥದ್ದೇ ರಕ್ಷಣೆ ಉಂಟು. ಆ ಗಿಡ ನಮ್ಮ ಕೇಸರಿ ಬೇಳೆಯ ಕುಲದ್ದು. ನೀರು, ಉಳ್ಳಾಗಡ್ಡಿ ಹಾಕಿ ಮೆತ್ತಗೆ ಬೇಯಿಸಿ, ಕಡೆದು, ಮೇಲೆ ಆಲಿವ್ ಎಣ್ಣೆ ಸುರಿದು ಬ್ರೆಡ್ಡಿನ ಜೊತೆ ತಿನ್ನುತ್ತಾರೆ. ಎಣ್ಣೆ ಬದಲಾಯಿಸಿ ಒಗ್ಗರಣೆ ಕೊಟ್ಟರೆ ನಮ್ಮ ಕಟ್ಟಿಬೇಳೆ. ಕ್ರೀಟ್ ದ್ವೀಪದವರದು ಜವೆಗೋಧಿಯ ರೊಟ್ಟಿಯನ್ನು ಎರಡು ಸಲ ಬೇಯಿಸಿ ಕಲ್ಲಿನಂತೆ ಒಣಗಿಸುವ ಪಾಕ್ಸಿಮಾದಿ. ಹಡಗಿನವರೂ ಕುರಿಗಾಹಿಗಳೂ ತಿಂಗಳಗಟ್ಟಲೆ ಚೀಲದಲ್ಲಿಟ್ಟು, ನೀರು ಚಿಮುಕಿಸಿ ತಿನ್ನುತ್ತಿದ್ದರು. ನಮ್ಮ ಕಾರಿನ ಹಿಂದಿನ ಸೀಟಿನಲ್ಲಿದ್ದ ಕಡಕ್ ರೊಟ್ಟಿಯ ಅಕ್ಕ. ಆ ದ್ವೀಪಗಳ ಎಷ್ಟೋ ಮನೆಗಳೂ ಚಪ್ಪಟೆ ಮಾಳಿಗೆಯವು. ನದಿಯಿಲ್ಲದ ಸಾಂಟೊರಿನಿಯಲ್ಲಿ ಚಳಿಗಾಲದ ಮಳೆಯನ್ನು ಮಾಳಿಗೆಯಿಂದಲೇ ತೊಟ್ಟಿಗೆ ಇಳಿಸಿ ವರ್ಷ ಕಳೆಯುತ್ತಿದ್ದರು. ನಮ್ಮ ಮಣ್ಣಿನ ಮಾಳಿಗೆ ಮಳೆ ಕಂಡರೆ ಹೆದರುತ್ತದೆ. ಆದರೆ ಬೇಸಿಗೆ ರಾತ್ರಿಗೆ ಅದೇ ಹಾಸಿಗೆ. ತವರಿನ ಮಾಳಿಗೆಯ ಮೇಲೆ ಆ ರಾತ್ರಿ ಮಲಗಿ, ಒಂದು ಗಂಟೆಯ ಮೇಲೆ ಬೀಸಿದ ಗಾಳಿಗೆ ಕೌದಿ ಎಳೆದುಕೊಂಡೆ.

ಬೆಂಕಿಯ ನೆಲಕ್ಕೆ ನಡುಕವೂ ಜೊತೆಗಿರುತ್ತದೆ. 2025ರ ಆರಂಭದಲ್ಲಿ ಸಾಂಟೊರಿನಿಯ ಸುತ್ತ ಸಾವಿರಾರು ಸಣ್ಣ ಭೂಕಂಪಗಳಾಗಿ ಹತ್ತು ಸಾವಿರಕ್ಕೂ ಹೆಚ್ಚು ಜನ ದ್ವೀಪ ಬಿಟ್ಟು ಹೋದರು. ಆ ಸುದ್ದಿ ಓದುವಾಗ ನನಗೆ ಸಾಂಟೊರಿನಿ ಅಲ್ಲ, 1993ರ ಸೆಪ್ಟೆಂಬರ್ 30ರ ನಸುಕು ನೆನಪಾಗಿತ್ತು. ಕಿಲ್ಲಾರಿಯ ಕಂಪನಕ್ಕೆ ಆಳಂದದಲ್ಲಿ ನಮ್ಮ ಮಾಳಿಗೆಯ ಮಣ್ಣು ಉದುರಿ, ಎಲ್ಲರೂ ಹಲವು ರಾತ್ರಿ ಅಂಗಳದಲ್ಲೇ ಮಲಗಿದ್ದೆವು.

ನಾವಿಬ್ಬರೂ ಹೀಗೆ ಜೋಡಿಲೆ ಸುತ್ತುತ್ತಿದ್ದೆವಲ್ಲ, ಆ ಜೋಡಿ ಎಂಬ ಮಾತಿಗೆ ಇನ್ನೊಂದು ಅರ್ಥವೂ ಈ ಗಡಿಯಲ್ಲಿದೆ. ಮಹಾರಾಷ್ಟ್ರದ ಕಬ್ಬು ಕಡಿಯುವವರ ಲೆಕ್ಕದಲ್ಲಿ ಗಂಡ ಹೆಂಡತಿ ಸೇರಿ ಒಂದು 'ಕೋಯತಾ', ಒಂದು ಕುಡುಗೋಲು. ಮುಂಗಡವೂ ಜೋಡಿಗೆ, ಕೂಲಿಯೂ ಜೋಡಿಗೆ. ತಿಂಗಳಗಟ್ಟಲೆ ಗಂಡ ಹೆಂಡತಿ ಒಟ್ಟಿಗೆ ಊರು ಬಿಟ್ಟು, ಬಯಲಿನಲ್ಲಿ ಗುಡಿಸಲು ಹಾಕಿ ಇರುತ್ತಾರೆ. ತೊಗರಿ ರಾಶಿಯಾದ ಮೇಲೆ ನಮ್ಮ ತಾಂಡಾಗಳಿಂದ ಮುಂಬಯಿ, ಪುಣೆ, ಬೆಂಗಳೂರಿಗೆ ಗುಳೆ ಹೋಗುವವರೂ ಜೋಡಿಲೆ ಹೋಗುತ್ತಾರೆ. ಅವರು ಬೇಸಿಗೆಯಲ್ಲಿ ಊರಿಗೆ ಬರುವುದೇ ಸೂಟಿ.

ಕೊನೆಗೆ ಕುರುಗಡ್ಡಿ. ಆಳಂದದ ಹೊಲಕ್ಕೆ ಬಿದ್ದ ಮಳೆ ಅಮರ್ಜೆಯಾಗಿ ಗಾಣಗಾಪುರದಲ್ಲಿ ಭೀಮೆಗೆ ಸೇರಿ, ಅಫಜಲಪುರ, ಜೇವರ್ಗಿಗಳನ್ನು ಹಾದು, ರಾಯಚೂರಿನ ಹತ್ತಿರ ಕೃಷ್ಣೆಗೆ ಬಿದ್ದು, ಮುಂದೆ ಈ ಗಡ್ಡಿಯನ್ನು ಎರಡೂ ಕೈಯಿಂದ ತಬ್ಬಿಕೊಂಡು ಹೋಗುತ್ತದೆ. ನನ್ನ ಬದುಕಿನ ಮೂರು ತಾಲ್ಲೂಕಿನ ನೀರು ಸುತ್ತುವರಿದ ನೆಲ. ಇಷ್ಟು ವರ್ಷ ನಕ್ಷೆಯಲ್ಲಿ ಬೆರಳಿಟ್ಟು ತೋರಿಸಿದ್ದೆ, ಹೋಗಿರಲಿಲ್ಲ.

ದಾರಿಯಲ್ಲಿ ನಾನು ನಮ್ಮವರಿಗೆ ಡೆಲೊಸ್ ಕತೆ ಹೇಳಿದೆ. ಏಜಿಯನ್ ಸಮುದ್ರದ ಈ ಪುಟ್ಟ ದ್ವೀಪ ಅಪೋಲೊ ದೇವರು ಹುಟ್ಟಿದ ಜಾಗವೆಂದು ಹಳೆಯ ಗ್ರೀಕರ ಯಾತ್ರಾಸ್ಥಳ. ಕ್ರಿಸ್ತಪೂರ್ವ 426ರ ಚಳಿಗಾಲದಲ್ಲಿ ಅಥೆನ್ಸಿನವರು ಅದನ್ನು ಮಡಿ ಮಾಡಿದರು: ಗೋರಿಗಳನ್ನು ತೆಗೆಸಿದರು, ಇನ್ನು ಮುಂದೆ ಇಲ್ಲಿ ಯಾರೂ ಹುಟ್ಟಬಾರದು, ಯಾರೂ ಸಾಯಬಾರದು ಎಂದು ಅಪ್ಪಣೆ ಮಾಡಿದರು. ದಿನ ತುಂಬಿದ ಬಸುರಿಯರನ್ನೂ ಸಾಯುವವರನ್ನೂ ಪಕ್ಕದ ರೆನಿಯಾ ದ್ವೀಪಕ್ಕೆ ದಾಟಿಸಬೇಕಿತ್ತು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮಲ್ಲಿ ಆಕಿ ಒಬ್ಬಾಕೇ ದಾಟಿದಳಲ್ಲ" ಎಂದರು. ಯಾರ ಮಾತೆಂದು ಹೇಳಬೇಕಿರಲಿಲ್ಲ. 2014ರ ಮಳೆಗಾಲದಲ್ಲಿ ನೀಲಕಂಠರಾಯನ ಗಡ್ಡಿಯ ತುಂಬು ಬಸುರಿಯೊಬ್ಬಳು, ಕೃಷ್ಣೆ ಏರಿ ಹರಿಗೋಲು ನಿಂತಾಗ, ಒಣಗಿದ ಸೋರೆ, ಕುಂಬಳದ ಬುರುಡೆಗಳನ್ನು ಮೈಗೆ ಕಟ್ಟಿಕೊಂಡು ಮನೆಯವರ ಜೊತೆ ಹೊಳೆಯನ್ನು ಈಜಿ ದಾಟಿದ್ದಳು. ಗಡ್ಡಿಯಲ್ಲಿ ಹೆರಬಾರದೆಂದು ಯಾರ ಅಪ್ಪಣೆಯೂ ಇರಲಿಲ್ಲ. ಆಸ್ಪತ್ರೆ ಆಚೆ ದಂಡೆಯಲ್ಲಿತ್ತು, ಅಷ್ಟೇ. ದ್ವೀಪ ಎಂಬ ಶಬ್ದ ಕೇಳಿದಾಗ ಪ್ರವಾಸಿಗೆ ಸುಖ ನೆನಪಾಗುತ್ತದೆ. ಗಡ್ಡಿಯವರಿಗೆ ಮೊದಲು ನೆನಪಾಗುವುದು ಆಚೆ ದಂಡೆ.

ಕುರುಗಡ್ಡಿಯ ಎದುರು ದಂಡೆಗೆ ಬಂದಾಗ ಬೆಳಗಿನ ಎಂಟು ಗಂಟೆ. ಬಂಡೆಗಳ ನಡುವೆ ಹಸಿರು ನೀರು ನಿಂತಿತ್ತು, ಆಚೆ ಮರಗಳ ಗುಂಪು, ಗುಡಿಯ ತುದಿ. ಗುಂಡನೆಯ ಹರಿಗೋಲಿನಲ್ಲಿ ನಮ್ಮಿಬ್ಬರನ್ನೂ, ಹೈದರಾಬಾದಿನ ಒಂದು ಕುಟುಂಬವನ್ನೂ ಎದುರುಬದುರು ಕೂಡಿಸಿ ಅಂಬಿಗ ಹುಟ್ಟು ಹಾಕಿದ. ಹರಿಗೋಲು ನೇರ ಹೋಗುವುದಿಲ್ಲ. ತಿರುಗುತ್ತ ತಿರುಗುತ್ತ ಹೋಗುತ್ತದೆ. ಒಂದು ಸುತ್ತಿಗೆ ಗುಡಿ, ಒಂದು ಸುತ್ತಿಗೆ ನಾವು ಬಿಟ್ಟ ದಂಡೆ. ನಮ್ಮವರು ಎರಡೂ ಕೈಯಿಂದ ಅಂಚು ಹಿಡಿದಿದ್ದರು. ನನ್ನ ಸೆರಗಿನ ತುದಿ ನೀರಿನಲ್ಲಿತ್ತು.

ನಡುಹೊಳೆಗೆ ಬಂದಾಗ ಬುಡಕ್ಕೆ ಏನೋ ಗರ್ ಎಂದು ಉಜ್ಜಿತು, ಹರಿಗೋಲು ನಿಂತಿತು. ಕೆಳಗೆ ಬಂಡೆ. ಅಂಬಿಗ ಹುಟ್ಟು ಒಳಗಿಟ್ಟು ಕೆಳಗಿಳಿದ. ನೀರು ಅವನ ಮೊಣಕಾಲಿಗೂ ಬರಲಿಲ್ಲ.

"ಇಳೀರಿ ಸರ, ಇಲ್ಲಿಂದ ನಡದೇ ಹೋಗಬೇಕು."

"ಹಂಗಾದ್ರ ಇದು ಗಡ್ಡಿ ಹ್ಯಾಂಗಾತಪ್ಪ?" ಎಂದರು ನಮ್ಮವರು, ಪ್ಯಾಂಟು ಮಡಚುತ್ತ.

"ಮಳಿಗಾಲದಾಗ ಬರ್ರಿ, ಆವಾಗ ಖರೇ ಗಡ್ಡಿ ಇರ್ತದ" ಎಂದ ಅಂಬಿಗ. ನನ್ನ ಚಪ್ಪಲಿಯನ್ನು ಎತ್ತಿ ಕೈಗೆ ಕೊಟ್ಟ. "ಆದರ ಹೊಳಿ ಬಂತಂದ್ರ ಹರಗೋಲ ಬಿಡಂಗಿಲ್ಲ ನೋಡ್ರಿ."